ಹಗಲುಡುಗೆಯ ಚರಿತ್ರೆ: ಉಳಿದುದು ಮತ್ತು ಸವೆದುದು

ಉಡುಪಿನ ಚರಿತ್ರಕಾರನಿಗೆ ಮೊದಲು ಎದುರಾಗುವ ತೊಡಕು ವಿಚಿತ್ರವಾದುದು. ಜನ ಯಾವ ಉಡುಪನ್ನು ಅತಿ ಹೆಚ್ಚಾಗಿ ತೊಟ್ಟರೋ ಅದೇ ಅತಿ ಕಡಮೆ ಉಳಿದಿದೆ. ಅಪರೂಪಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬಂದ ರೇಷ್ಮೆಯ ಉಡುಪು ವಸ್ತುಸಂಗ್ರಹಾಲಯವನ್ನು ಸೇರಿತು. ದಿನವೂ ಒಗೆದು ತೊಟ್ಟ ಹತ್ತಿಯ ಅಂಗಿ ಹರಿದು, ಮಕ್ಕಳ ಉಡುಪಾಗಿ, ಕೊನೆಗೆ ನೆಲ ಒರಸುವ ಬಟ್ಟೆಯಾಗಿ ಕಣ್ಮರೆಯಾಯಿತು. ಪಾಶ್ಚಾತ್ಯ ಸ್ತ್ರೀಯರ ಹಗಲುಡುಗೆಯ ಚರಿತ್ರೆಯನ್ನು ಪರಿಶೀಲಿಸುವಾಗ ಈ ಸಂಗತಿಯನ್ನು ಮರೆಯಲಾಗದು. ಹಗಲುಡುಗೆಯೆಂದರೆ ಸಂಜೆಯ ಔತಣ, ನರ್ತನಗಳಿಗೆ ಮೀಸಲಾದುದಲ್ಲ. ಬೆಳಗಿನಿಂದ ಮನೆಯಲ್ಲಿಯೂ ಬೀದಿಯಲ್ಲಿಯೂ ಕಚೇರಿಯಲ್ಲಿಯೂ ತೊಡುವ ನಿಲುವಂಗಿ. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಸಿದ್ಧ ವಿನ್ಯಾಸಕಾರರ ಹೆಸರುಗಳ ಸರಣಿಯಾಗಿ ಹೇಳುವುದುಂಟು. ಆದರೆ ಆ ವಿನ್ಯಾಸಕಾರರು ಹಲವು ಬಾರಿ ತಮ್ಮ ಹೊಸತನವನ್ನು ಪಡೆದುದು ಹೆಸರಿಲ್ಲದೆ ಸವೆದುಹೋದ ಉಡುಪಿನಿಂದಲೇ ಎಂಬುದಕ್ಕೆ ಸಾಕಷ್ಟು ನಿದರ್ಶನಗಳಿವೆ.

1783ರಲ್ಲಿ ಪ್ಯಾರಿಸಿನ ಚಿತ್ರಪ್ರದರ್ಶನದಲ್ಲಿ ಫ್ರಾನ್ಸಿನ ರಾಣಿ ಮಾರೀ ಆಂತ್ವಾನೆಟ್‌ಳ ಭಾವಚಿತ್ರವೊಂದು ಕಾಣಿಸಿಕೊಂಡಿತು. ಅದನ್ನು ಬರೆದವಳು ವಿಜೇ ಲ ಬ್ರೂನ್. ಚಿತ್ರದಲ್ಲಿ ರಾಣಿ ಜರತಾರಿಯ ರೇಷ್ಮೆಯನ್ನು ಬಿಟ್ಟು ತೆಳುವಾದ ಬಿಳಿಯ ಮಸ್ಲಿನ್ ನಿಲುವಂಗಿಯನ್ನು ತೊಟ್ಟಿದ್ದಳು. ರಾಣಿ ಒಳಉಡುಪಿನಲ್ಲಿ ಕುಳಿತಿರುವಳೆಂದು ಗುಲ್ಲೆದ್ದು, ಆ ಚಿತ್ರವನ್ನು ತೆಗೆದು ರೇಷ್ಮೆಯುಡುಪಿನ ಇನ್ನೊಂದನ್ನು ಇರಿಸಬೇಕಾಯಿತು. ಆದರೆ ಎರಡು ದಶಕ ಕಳೆಯುವುದರೊಳಗೆ ಯೂರೋಪಿನ ಸಿರಿವಂತ ಸ್ತ್ರೀಯರ ಹಗಲುಡುಗೆಯೇ ಬಿಳಿಯ ಮಸ್ಲಿನ್ ಆಯಿತು. ಬಂಗಾಳದ ನೇಕಾರರ ಬಟ್ಟೆಗೆ ಅದರಲ್ಲಿ ಗೌರವದ ಸ್ಥಾನ ದೊರೆಯಿತು. ಒಳಉಡುಪೆಂದು ಹಳಿದ ರೂಪವೇ ಮರ್ಯಾದೆಯ ರೂಪವಾದುದು ಹೀಗೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಎರಡು ಪ್ರವಾಹಗಳು ಸ್ಪಷ್ಟವಾಗಿ ಬೇರೆಯಾದುವು. ಇಂಗ್ಲೆಂಡಿನಿಂದ ಬಂದ ಚಾರ್ಲ್ಸ್ ಫ್ರೆಡರಿಕ್ ವರ್ತ್ 1858ರ ಹೊತ್ತಿಗೆ ಪ್ಯಾರಿಸಿನಲ್ಲಿ ತನ್ನ ಉಡುಪಿನ ಮಳಿಗೆಯನ್ನು ಸ್ಥಾಪಿಸಿದನು. ಗಿರಾಕಿ ಹೇಳಿದಂತೆ ಹೊಲಿಯುವ ದರ್ಜಿಯಾಗಿರದೆ, ಗಿರಾಕಿ ತೊಡಬೇಕಾದುದನ್ನು ತಾನೇ ಗೊತ್ತುಮಾಡುವ ಕಲಾವಿದನೆಂದು ತನ್ನನ್ನು ಭಾವಿಸಿಕೊಂಡು, ಉಡುಪಿನೊಳಗೆ ತನ್ನ ಹೆಸರಿನ ಪಟ್ಟಿಯನ್ನು ಹೊಲಿಸಿದನು. ಅತ್ತ ಅಮೆರಿಕದಲ್ಲಿ 1851ರಲ್ಲಿ ಸಿಂಗರ್ ಹೊಲಿಗೆಯಂತ್ರಕ್ಕೆ ಹಕ್ಕುಪತ್ರ ದೊರೆಯಿತು. 1863ರಲ್ಲಿ ಬಟರಿಕ್ ಎಂಬವನು ಅಳತೆಗೆ ತಕ್ಕ ಕಾಗದದ ಪಡಿಯಚ್ಚುಗಳನ್ನು ಮಾರತೊಡಗಿದನು. ಮನೆಯೊಡತಿ ತನ್ನ ಅಂಗಿಯನ್ನು ತಾನೇ ಕತ್ತರಿಸಿ ಹೊಲಿಯುವುದು ಸುಲಭವಾಯಿತು. ಅವಳು ಹೊಲಿದುದರಲ್ಲಿ ಹೆಸರಿನ ಪಟ್ಟಿ ಇರಲಿಲ್ಲ.

ಒಂದನೆಯ ಮಹಾಯುದ್ಧದ ಕಾಲ ಈ ಪ್ರವಾಹಗಳನ್ನು ಮತ್ತೆ ಹತ್ತಿರ ತಂದಿತು. ಅದುವರೆಗೆ ಗಂಡಸರ ಒಳಉಡುಪಿಗೆ ಬಳಕೆಯಾಗುತ್ತಿದ್ದ ಜರ್ಸಿ ಎಂಬ ಹೆಣಿಗೆಯ ಬಟ್ಟೆಯಿಂದ ಗೇಬ್ರಿಯೆಲ್ ಶನೆಲ್ ಸ್ತ್ರೀಯರ ಹಗಲುಡುಗೆಯನ್ನು ರೂಪಿಸಿದಳು. ಅದೇ ಕಾಲದಲ್ಲಿ, 1917ರಲ್ಲಿ, ಅಮೆರಿಕದ ಆಹಾರಾಡಳಿತದ ಅಧಿಕಾರಿ ಹೂವರ್‌ನ ಹೆಸರಿನಿಂದ ಕರೆಯಲಾದ ಮನೆಗೆಲಸದ ಉಡುಪೊಂದು ಪ್ರಚಾರಕ್ಕೆ ಬಂದಿತು. ಅದರ ಮುಂಭಾಗದ ಎರಡು ಮಗ್ಗುಲುಗಳು ಒಂದರ ಮೇಲೊಂದು ಸುತ್ತಿಕೊಳ್ಳುತ್ತಿದ್ದುವು. ಮೇಲಿನದು ಕೊಳೆಯಾದರೆ ಅದನ್ನು ಒಳಗೆ ಮಾಡಿ, ಒಳಗಿನ ಶುಭ್ರವಾದುದನ್ನು ಮೇಲೆ ಕಟ್ಟಿಕೊಳ್ಳಬಹುದಾಗಿತ್ತು. ಬಾಗಿಲಿಗೆ ಅತಿಥಿ ಬಂದ ಗಳಿಗೆಯಲ್ಲಿ ಇದರ ಪ್ರಯೋಜನ ಎಷ್ಟೆಂಬುದನ್ನು ಗೃಹಿಣಿಗೆ ಹೇಳಬೇಕಾಗಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಬಟ್ಟೆಯೇ ದುರ್ಲಭವಾಯಿತು. ಬ್ರಿಟನ್ನಿನಲ್ಲಿ 1941ರ ಜೂನ್ 1ರಂದು ಉಡುಪಿನ ಪಡಿತರ ಆರಂಭವಾಯಿತು. ಮೊದಲ ವರ್ಷ ಒಬ್ಬರಿಗೆ 66 ಕೂಪನ್ನುಗಳು. ಉಣ್ಣೆಯ ನಿಲುವಂಗಿಯೊಂದಕ್ಕೇ 11 ಕೂಪನ್ನುಗಳು ಸಲ್ಲುತ್ತಿದ್ದುವು. 1942ರಲ್ಲಿ ಹಾರ್ಟ್‌ನೆಲ್ ಮೊದಲಾದ ಲಂಡನ್ನಿನ ಹೆಸರಾಂತ ವಿನ್ಯಾಸಕಾರರು ಸರ್ಕಾರಕ್ಕಾಗಿ ಮಿತವ್ಯಯದ ಮಾದರಿಗಳನ್ನು ರಚಿಸಿಕೊಟ್ಟರು. ಅದೇ ವರ್ಷ ಅಮೆರಿಕದ ಕ್ಲೇರ್ ಮೆಕಾರ್ಡೆಲ್, ಮನೆಯ ಆಳುಗಳು ಯುದ್ಧದ ಕೆಲಸಕ್ಕೆ ಹೋದುದರಿಂದ ಅಡುಗೆಯನ್ನು ತಾವೇ ಮಾಡಬೇಕಾದ ಸ್ತ್ರೀಯರಿಗಾಗಿ ಸುತ್ತಿ ಕಟ್ಟುವ ಅಂಗಿಯೊಂದನ್ನು ರೂಪಿಸಿದಳು. ಬೆಲೆ 6.95 ಡಾಲರ್. ಅಡುಗೆಮನೆಯ ರೂಪ ವಿನ್ಯಾಸಕಾರಳ ಕೈಯಿಂದ ಮರಳಿ ಅಡುಗೆಮನೆಗೆ ಬಂದಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. 1947ರ ಫೆಬ್ರವರಿ 12ರಂದು ಪ್ಯಾರಿಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ಬಿಗಿದ ನಡುವಿನ, ಅಗಲವಾದ ಉದ್ದ ಲಂಗದ ಉಡುಪನ್ನು ಪ್ರದರ್ಶಿಸಿದನು. ಪಡಿತರವಿನ್ನೂ ತೀರದ ಬ್ರಿಟನ್ನಿನಲ್ಲಿ ಸಚಿವ ಸ್ಟಾಫರ್ಡ್ ಕ್ರಿಪ್ಸ್ ಅದನ್ನು ಬಟ್ಟೆಯ ದುರ್ವ್ಯಯವೆಂದು ಆಕ್ಷೇಪಿಸಿದನು. ಅಮೆರಿಕದಲ್ಲಿ ಸ್ತ್ರೀಯರೇ ಪ್ರತಿಭಟಿಸಿದರು. ಆದರೂ ಆ ರೂಪ ಗೆದ್ದಿತು. ವರ್ಷಗಳ ಅಭಾವದಿಂದ ಬೇಸತ್ತವರಿಗೆ ಸಮೃದ್ಧಿಯ ನೋಟವೇ ಬೇಕಾಗಿತ್ತು. ಹೊಸ ಬಟ್ಟೆಗೆ ಕೂಪನ್ನಿಲ್ಲದವರು ಹಳೆಯ ಲಂಗಕ್ಕೆ ಬೇರೆ ಬಟ್ಟೆಯ ಪಟ್ಟಿಯನ್ನು ಕೂಡಿಸಿ ಉದ್ದಮಾಡಿಕೊಂಡರು. ಪ್ಯಾರಿಸಿನ ಕಟ್ಟಳೆ ಸಾಮಾನ್ಯರ ಬದುಕನ್ನು ಹೊಕ್ಕುದು ಈ ತೇಪೆಯ ಮೂಲಕ. ಬ್ರಿಟನ್ನಿನ ಉಡುಪಿನ ಪಡಿತರ ಕೊನೆಗೊಂಡುದು 1949ರಲ್ಲಿ.

1974ರಲ್ಲಿ ಡಯಾನ್ ವಾನ್ ಫರ್ಸ್ಟನ್‌ಬರ್ಗ್ ಜರ್ಸಿಯ ಬಟ್ಟೆಯಲ್ಲಿ ಸುತ್ತಿ ಕಟ್ಟುವ ನಿಲುವಂಗಿಯನ್ನು ಮಾರುಕಟ್ಟೆಗೆ ತಂದಳು. ಗುಂಡಿಯ ಹಂಗಿಲ್ಲದ ಆ ಉಡುಪು ಕಚೇರಿಗೆ ಹೋಗುವ ಸ್ತ್ರೀಯ ಸ್ವಾತಂತ್ರ್ಯದ ಗುರುತೆಂದು ಪ್ರಸಿದ್ಧವಾಯಿತು. ಅದರ ಬಟ್ಟೆ ಹಿಂದೊಮ್ಮೆ ಒಳಉಡುಪಿನದು. ಅದರ ಕಟ್ಟು ಹಿಂದೊಮ್ಮೆ ಅಡುಗೆಮನೆಯದು. ಇದರಿಂದ ವಿನ್ಯಾಸಕಾರಳ ಪ್ರತಿಭೆಗೆ ಕುಂದಿಲ್ಲ. ಕೂಡಿಸಿ ನೋಡುವ ಕಣ್ಣೂ ಪ್ರತಿಭೆಯೇ. ಆದರೆ ಕೀರ್ತಿಯ ಲೆಕ್ಕದಲ್ಲಿ ಒಂದು ಪಾಲು ಸಲ್ಲದೆ ಉಳಿದಿದೆ.

ಇಂದು ಹಳೆಯ ಉಡುಪುಗಳನ್ನು ಸಂಗ್ರಹಿಸುವವರು ಮೊದಲು ಕೊರಳಿನ ಒಳಮಗ್ಗುಲನ್ನು ತಿರುವಿ ಹೆಸರಿನ ಪಟ್ಟಿಯನ್ನು ಹುಡುಕುತ್ತಾರೆ. ಬೆಲೆ ಅದರಿಂದ ನಿರ್ಣಯವಾಗುತ್ತದೆ. ಚರಿತ್ರಕಾರನು ನೋಡಬೇಕಾದ ಗುರುತುಗಳು ಬೇರೆ: ಬಿಚ್ಚಿ ಉದ್ದಮಾಡಿದ ಅಂಚಿನ ಹಳೆಯ ಮಡಿಕೆಯ ಗೆರೆ, ಮೊಣಕೈಯ ತೇಪೆ, ಸೊಂಟದ ಬಳಿ ಎರಡು ಸಲ ಸಡಿಲಿಸಿದ ಹೊಲಿಗೆ. ತೊಟ್ಟವಳ ವಯಸ್ಸು, ದುಡಿಮೆ, ಬಡತನ, ಬಸಿರುಗಳ ದಾಖಲೆ ಅಲ್ಲಿದೆ. ಹೆಸರಿನ ಪಟ್ಟಿ ಉಡುಪನ್ನು ರೂಪಿಸಿದವರನ್ನು ತಿಳಿಸುತ್ತದೆ. ಅದನ್ನು ತೊಟ್ಟು ಬದುಕಿದವರನ್ನು ತಿಳಿಸುವುದು ಆ ತೇಪೆಯೇ.