ಸಾರಣೆಯಿಂದ ಪುಟ್ಟಿಯವರೆಗೆ

ಗುಡಿ ಕಟ್ಟಿಸಿದವರ ಹೆಸರು ಶಾಸನದಲ್ಲಿರುತ್ತದೆ, ಕೋಟೆ ಕಟ್ಟಿಸಿದವರದು ಪಠ್ಯಪುಸ್ತಕದಲ್ಲಿ. ಮನೆಯೊಳಗಿನ ಗೋಡೆಯ ಬಿರುಕನ್ನು ವರ್ಷವರ್ಷವೂ ಮುಚ್ಚಿದವರ ಹೆಸರು ಎಲ್ಲೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಅವರು ಹೆಂಗಸರು. ಎಂ.ಟೆಕ್‌ನಲ್ಲಿ ನಾನು ಸಿಮೆಂಟನ್ನು ಇಡೀ ಸೆಮಿಸ್ಟರ್ ಓದಿದೆ; ಸುಣ್ಣಕ್ಕೆ ಸಿಕ್ಕಿದ್ದು ಒಂದೇ ತರಗತಿ, ಮಣ್ಣಿಗೆ ಅದೂ ಇಲ್ಲ. (ಈಗ ನಾನು ಮುಚ್ಚುವುದೆಲ್ಲ ಸಾಫ್ಟ್‌ವೇರಿನ ಬಿರುಕು, ಆ ಮಾತು ಬೇರೆ.)

ಉತ್ತರ ಕರ್ನಾಟಕದ ಮಣ್ಣಿನ ಮನೆಗಳಲ್ಲಿ ಮಾನವಮಿ ಹತ್ತಿರ ಬಂತೆಂದರೆ ಸಾರಣೆ-ಕಾರಣೆ ಶುರು. ಜರಡಿ ಹಿಡಿದ ಮಣ್ಣು, ಸಗಣಿ, ಹೊಟ್ಟು ಕಲಸಿ ನೆನೆಹಾಕಬೇಕು. ಬಿರುಕಿಗೆ ಮೊದಲು ನೀರು ಚಿಮುಕಿಸಿ, ಬೆರಳಿನಿಂದ ಒತ್ತಿ ತುಂಬಿ, ಅಂಗೈಯಿಂದ ಸವರಬೇಕು. ಒಂದೊಂದಕ್ಕೂ ಕಾರಣವಿದೆ. ಮಣ್ಣು ಒಣಗುವಾಗ ಕುಗ್ಗುತ್ತದೆ, ಹೊಟ್ಟಿನ ಎಳೆಗಳು ಅದನ್ನು ಹಿಡಿದಿಡುತ್ತವೆ. ನೀರು ಚಿಮುಕಿಸದಿದ್ದರೆ ಒಣ ಗೋಡೆ ಹೊಸ ಮಣ್ಣಿನ ತೇವವನ್ನೆಲ್ಲ ಹೀರಿಕೊಂಡು ತೇಪೆ ಉದುರುತ್ತದೆ. ಎಷ್ಟು ಮಣ್ಣಿಗೆ ಎಷ್ಟು ಹೊಟ್ಟು ಎಂದು ಕೇಳಿದರೆ ನಮ್ಮಜ್ಜಿ "ಕೈಗೆ ತಿಳಿತೈತಿ ಬಿಡು" ಎನ್ನುತ್ತಿದ್ದಳು. ಇದು ಮೆಟೀರಿಯಲ್ ಸೈನ್ಸ್ ಅಲ್ಲದೆ ಮತ್ತೇನು?

ಉಳ್ಳವರ ಗೋಡೆಗೆ ಸುಣ್ಣದ ಗಾರೆ. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದ ಮೇಲೆ ಅದೇ ಅನಿಲವನ್ನು ಗಾಳಿಯಿಂದ ಮರಳಿ ಪಡೆದು ನಿಧಾನವಾಗಿ ಕಲ್ಲಾಗುತ್ತದೆ. ಕೂದಲೆಳೆಯಂಥ ಬಿರುಕು ಬಿಟ್ಟರೆ, ತೇವದಲ್ಲಿ ಕರಗಿದ ಸುಣ್ಣ ಅಲ್ಲೇ ಮತ್ತೆ ಗಟ್ಟಿಯಾಗಿ ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ! ನಾನೀಗಿರುವ ಚೆನ್ನೈ ಒಂದು ಕಾಲಕ್ಕೆ ಈ ಗಾರೆಗೇ ಹೆಸರುವಾಸಿ. ಚಿಪ್ಪಿನ ಸುಣ್ಣವನ್ನು ನಯವಾದ ಕಲ್ಲಿನಿಂದ ಉಜ್ಜಿ ಅಮೃತಶಿಲೆಯ ಹೊಳಪು ತರುತ್ತಿದ್ದರು. 1780ರಲ್ಲಿ ಇಲ್ಲಿಗೆ ಬಂದ ಚಿತ್ರಕಾರ ವಿಲಿಯಂ ಹಾಡ್ಜಸ್ ಆ ಹೊಳೆಯುವ ಬಿಳಿ ಕಟ್ಟಡಗಳಿಗೆ ಮಾರುಹೋಗಿದ್ದ. ಇಂಗ್ಲಿಷರು ಅದನ್ನು 'ಚುನಾಮ್' ಎಂದರು. ನಮ್ಮ ಸುಣ್ಣದ ನೆಂಟನೇ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಭಾರತದಲ್ಲಿ ಸಿಮೆಂಟ್ ತಯಾರಿಯ ಮೊದಲ ಪ್ರಯತ್ನ ನಡೆದದ್ದು 1904ರಲ್ಲಿ, ಇದೇ ಮದರಾಸಿನಲ್ಲಿ, ಅದೂ ಕಡಲ ಚಿಪ್ಪಿನಿಂದ. ಅದು ನಿಲ್ಲಲಿಲ್ಲ. 1914ರಲ್ಲಿ ಪೋರಬಂದರದ ಕಾರ್ಖಾನೆ ಯಶಸ್ವಿಯಾಯಿತು.

ಸಿಮೆಂಟ್ ಬಂದದ್ದರಿಂದ ವರ್ಷವರ್ಷದ ದುಡಿತ ತಪ್ಪಿತು, ಅದು ಸಣ್ಣ ಸಂಗತಿಯಲ್ಲ. ಆದರೆ ಗೋಡೆ ಹೆಂಗಸರ ಕೈಯಿಂದಲೂ ಜಾರಿತು. ಕರಣೆ ಹಿಡಿಯುವವನು ಮೇಸ್ತ್ರಿ. ಹೆಂಗಸು ಬಾಂಡಲಿ ಹೊರುವವಳು. ಚೆನ್ನೈಯಲ್ಲಿ ಅವಳಿಗೆ 'ಚಿತ್ತಾಳು' ಎನ್ನುತ್ತಾರೆ. ಹತ್ತಾರು ವರ್ಷ ಗಾರೆ ಕಲಸಿದರೂ ಅವಳು ಮೇಸ್ತ್ರಿಯಾಗುವುದು ಅಪರೂಪ, ಕೂಲಿಯೂ ಕಡಿಮೆ. ಬಿರುಕಿಗಿಂತ ನನಗೆ ಇದೇ ಹೆಚ್ಚು ಚುಚ್ಚುತ್ತದೆ.

ಗೆಳತಿಯರೇ, ನಿಮ್ಮ ಫ್ಲ್ಯಾಟಿನ ಮೊಳೆ ತೂತಿಗೆ ಪುಟ್ಟಿ ಧಾರಾಳ ಸಾಕು: ದೂಳು ಕೊಡವಿ, ತುಸು ಒದ್ದೆ ಮಾಡಿ (ಅಜ್ಜಿಯ ವಿದ್ಯೆಯೇ), ತೆಳುವಾಗಿ ಎರಡು ಸಲ ತುಂಬಿ, ಒಣಗಿದ ಮೇಲೆ ಉಜ್ಜುಕಾಗದ ಆಡಿಸಿ. ಊರಿನಲ್ಲಿ ಹಳೆಯ ಮನೆ ಉಳಿದಿದ್ದರೆ ಮಾತ್ರ ಆ ಮಣ್ಣು, ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿಸಬೇಡಿ. ಸಿಮೆಂಟ್ ಗಡಸು, ತೇವವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಕೆಲವೇ ವರ್ಷಗಳಲ್ಲಿ ಪಕ್ಕದ ಹಳೆಯ ಗಾರೆಯನ್ನೂ ಕಿತ್ತುಕೊಂಡು ಬೀಳಬಹುದು. ಅಲ್ಲಿ ಸಾರಣೆ ಬಲ್ಲ ಅಜ್ಜಿಯರು ಇನ್ನೂ ಇದ್ದರೆ, ಕಲಸುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ.