ಒಂಟಿ ಅಣುವಿಗೆ ಶಕ್ತಿ ಕೊಟ್ಟವರಾರು?

ಅಣುಗಳು ಪರಸ್ಪರ ಡಿಕ್ಕಿ ಹೊಡೆದಾಗ ರಾಸಾಯನಿಕ ಕ್ರಿಯೆ ನಡೆಯುತ್ತದೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆದರೆ ಯಾರ ಜೊತೆಯೂ ಕೂಡದೆ ತಾನಾಗಿಯೇ ಒಡೆದುಹೋಗುವ ಅಣುಗಳೂ ಉಂಟು. ಒಡೆಯಲು ಬೇಕಾದ ಶಕ್ತಿ ಅವಕ್ಕೆ ಎಲ್ಲಿಂದ ಬರುತ್ತದೆ? ನಮ್ಮ ಶಾಲೆಯ ಪಠ್ಯದಲ್ಲಿ ಜಾಗ ಸಿಗದ ಈ ಪ್ರಶ್ನೆ ನೂರು ವರ್ಷಗಳ ಹಿಂದೆ ಘಟಾನುಘಟಿಗಳನ್ನು ಕಾಡಿತ್ತು.

ಅಣುಗಳ ಇರವನ್ನು ಪ್ರಯೋಗದಿಂದ ಸಾಧಿಸಿ ತೋರಿಸಿದ ಫ್ರಾನ್ಸಿನ ಜೀನ್ ಪೆರಿನ್ 1919ರಲ್ಲಿ ಒಂದು ಉತ್ತರ ಕೊಟ್ಟರು. ಡಿಕ್ಕಿಯೇ ಕಾರಣವಾಗಿದ್ದರೆ, ಅನಿಲದ ಒತ್ತಡ ಇಮ್ಮಡಿಯಾದಾಗ ಪ್ರತಿ ಅಣುವಿಗೆ ಬೀಳುವ ಪೆಟ್ಟುಗಳೂ ಇಮ್ಮಡಿಯಾಗಿ ಅದು ಬೇಗ ಒಡೆಯಬೇಕು. ಹಾಗಾಗುವುದಿಲ್ಲ, ಒತ್ತಡ ಹೆಚ್ಚಿರಲಿ, ಕಡಿಮೆಯಿರಲಿ, ಅರ್ಧದಷ್ಟು ಅಣುಗಳು ಒಡೆಯಲು ಹಿಡಿಯುವ ಕಾಲ ಒಂದೇ. ಆದ್ದರಿಂದ ಪಾತ್ರೆಯ ಗೋಡೆಗಳಿಂದ ಹೊಮ್ಮುವ ವಿಕಿರಣವೇ ಶಕ್ತಿಯ ಮೂಲವೆಂದರು.

ಆಕ್ಸ್‌ಫರ್ಡಿನ ಫ್ರೆಡರಿಕ್ ಲಿಂಡೆಮನ್ ಒಪ್ಪಲಿಲ್ಲ. ಹಾಗಿದ್ದರೆ ಸಕ್ಕರೆಯ ದ್ರಾವಣವನ್ನು ಬಿಸಿಲಿಗಿಟ್ಟೊಡನೆ ಅದರ ವಿಭಜನೆ ಊಹೆಗೂ ಮೀರಿದ ವೇಗದಲ್ಲಿ ಸಾಗಬೇಕಿತ್ತಲ್ಲ ಎಂಬುದು ಅವರ ಆಕ್ಷೇಪ. 1921ರಲ್ಲಿ ಫ್ಯಾರಡೆ ಸೊಸೈಟಿಯ ಚರ್ಚೆಯಲ್ಲಿ ತಮ್ಮದೇ ವಿವರಣೆಯನ್ನು ಮುಂದಿಟ್ಟರು. ಬಹಳ ಚಿಕ್ಕ ಮಾತು: ಡಿಕ್ಕಿಗೂ ಒಡೆಯುವಿಕೆಗೂ ನಡುವೆ ತುಸು ಬಿಡುವಿದೆ. ಪೆಟ್ಟು ತಿಂದು ಶಕ್ತಿ ತುಂಬಿಕೊಂಡ ಅಣು ಕೂಡಲೇ ಒಡೆಯದು. ದಟ್ಟಣೆಯಿದ್ದಲ್ಲಿ ಅಷ್ಟರೊಳಗೆ ಮತ್ತೊಂದು ಅಣು ಬಂದು ತಾಗಿ ಆ ಶಕ್ತಿಯನ್ನು ಕಸಿದುಕೊಂಡಿರುತ್ತದೆ. (ಸಂತೆಯ ನೂಕುನುಗ್ಗಲಿನಲ್ಲಿ ಕೈಗೆ ಬಂದ ಕಾಸು, ಎಣಿಸುವಷ್ಟರಲ್ಲಿ ಜೇಬುಗಳ್ಳನ ಪಾಲಾದಂತೆ!) ಒತ್ತಡ ಏರಿದಾಗ ಶಕ್ತಿ ಕೊಡುವ ಡಿಕ್ಕಿ, ಕಸಿಯುವ ಡಿಕ್ಕಿ ಎರಡೂ ಒಟ್ಟಿಗೇ ಹೆಚ್ಚುವುದರಿಂದ, ಶಕ್ತಿ ತುಂಬಿದ ಅಣುಗಳ ಪಾಲು ಬದಲಾಗುವುದಿಲ್ಲ. ಪೆರಿನ್ನರನ್ನು ದಾರಿ ತಪ್ಪಿಸಿದ್ದು ಇದೇ.

ಅನಿಲವನ್ನು ತೀರ ವಿರಳಗೊಳಿಸಿದರೆ? ಆಗ ಕಸಿಯುವವರಿಲ್ಲ, ಶಕ್ತಿ ಪಡೆದ ಅಣುವೆಲ್ಲ ಒಡೆಯುತ್ತದೆ. ಆದರೆ ಶಕ್ತಿ ಕೊಡುವ ಡಿಕ್ಕಿಗಳೇ ಅಪರೂಪವಾಗಿ, ಕ್ರಿಯೆಯ ವೇಗ ಇಳಿಯಲೇಬೇಕು. ತನ್ನನ್ನು ತಾನೇ ಹೀಗೆ ಪರೀಕ್ಷೆಗೊಡ್ಡಿಕೊಳ್ಳುವ ಸಿದ್ಧಾಂತವೆಂದರೆ ನನಗೆ ಬಹಳ ಗೌರವ. ಇಂಗ್ಲೆಂಡಿನ ಹಿನ್ಶೆಲ್‌ವುಡ್ 1926ರಲ್ಲಿ, ಅಮೆರಿಕದ ರಾಮ್ಸ್‌ಪರ್ಗರ್ 1927ರಲ್ಲಿ ಈ ಇಳಿತವನ್ನು ಕಂಡರು. ಅಣುವಿನೊಳಗಿನ ಕಂಪನಗಳೂ ಶಕ್ತಿಯನ್ನು ಕೂಡಿಡುತ್ತವೆಂದು ಹಿನ್ಶೆಲ್‌ವುಡ್ ಲೆಕ್ಕವನ್ನು ತಿದ್ದಿದರು. 1950ರ ದಶಕದಲ್ಲಿ ರುಡಾಲ್ಫ್ ಮಾರ್ಕಸ್ ಅದನ್ನು ಮತ್ತಷ್ಟು ಬೆಳೆಸಿದರು.

ವಿಕಿರಣವಾದ ಮೂಲೆಗೆ ಬಿತ್ತು. ಆದರೆ 1990ರ ದಶಕದಲ್ಲಿ, ಡಿಕ್ಕಿಗಳೇ ಇಲ್ಲವೆನ್ನುವಷ್ಟು ನಿರ್ವಾತದಲ್ಲಿ ಹಿಡಿದಿಟ್ಟ ಅಯಾನುಗಳು ಗೋಡೆಯ ಅವಕೆಂಪು ವಿಕಿರಣವನ್ನು ಹೀರಿಯೇ ಒಡೆಯುವುದು ಕಂಡುಬಂದಿತು. ಅಷ್ಟು ಹೊತ್ತಿಗೆ ಪೆರಿನ್ ತೀರಿಕೊಂಡು ಅರ್ಧ ಶತಮಾನವಾಗಿತ್ತು.