ರೇಡಿಯೊ ನಿಯಂತ್ರಿತ ಟ್ರಕ್: ವಿದ್ಯುತ್ ಮತ್ತು ನೈಟ್ರೊ ಚಾಲನೆ

ರೇಡಿಯೊ ನಿಯಂತ್ರಿತ ಟ್ರಕ್ ಎಂಬುದು ಕೈಯಲ್ಲಿ ಹಿಡಿದ ಟ್ರಾನ್ಸ್‌ಮಿಟರಿನಿಂದ ದೂರದಲ್ಲೇ ನಿಂತು ಓಡಿಸುವ, ಅಳತೆ ಕುಗ್ಗಿಸಿ ಮಾಡಿದ ಮಾದರಿ ವಾಹನ. ಹವ್ಯಾಸಿಗಳ ಬಾಯಲ್ಲಿ ಇದು ಆರ್‌ಸಿ ಟ್ರಕ್. 1/10 ಮತ್ತು 1/8 ಪ್ರಮಾಣದವು ಹೆಚ್ಚು ರೂಢಿಯಲ್ಲಿವೆ. ದೊಡ್ಡ ಚಕ್ರದ ಮಾನ್‌ಸ್ಟರ್ ಟ್ರಕ್, ತಗ್ಗಾದ ಮೈಕಟ್ಟಿನ ಸ್ಟೇಡಿಯಂ ಟ್ರಕ್, ಬಗ್ಗಿಯ ಅಡಿಕಟ್ಟಿನ ಮೇಲೆ ಬೆಳೆದ ಟ್ರಗ್ಗಿ, ಬಂಡೆ ಹತ್ತುವ ಕ್ರಾಲರ್ ಇದರ ಮುಖ್ಯ ಪ್ರಭೇದಗಳು. ಚಾಲನೆಯ ಶಕ್ತಿ ಮುಖ್ಯವಾಗಿ ಎರಡು ಮೂಲಗಳಿಂದ ಬರುತ್ತದೆ. ಒಂದು, ಬ್ಯಾಟರಿ ಮತ್ತು ವಿದ್ಯುತ್ ಮೋಟಾರು. ಇನ್ನೊಂದು, ಮೆಥನಾಲ್ ಹಾಗೂ ನೈಟ್ರೊಮೀಥೇನ್ ಬೆರೆತ ಇಂಧನ ಉರಿಸುವ ಪುಟ್ಟ ಟೂ-ಸ್ಟ್ರೋಕ್ ಎಂಜಿನ್. ಎರಡನೆಯದಕ್ಕೆ ನೈಟ್ರೊ ಎಂದು ಹೆಸರು. 1/5ರಷ್ಟು ದೊಡ್ಡ ಪ್ರಮಾಣದಲ್ಲಿ ಪೆಟ್ರೋಲ್ ಎಂಜಿನ್ನಿನ ಟ್ರಕ್ಕುಗಳೂ ಇವೆ. ಅವು ಸ್ಪಾರ್ಕ್ ಪ್ಲಗ್ಗಿನಿಂದ ಕಿಡಿ ಪಡೆಯುವಂಥವು, ಇಲ್ಲಿನ ಚರ್ಚೆಗೆ ಹೊರತು.

ಇತಿಹಾಸ

ಜಪಾನಿನ ತಮಿಯಾ ಸಂಸ್ಥೆ 1976ರಲ್ಲಿ ಪೋರ್ಷೆ 934 ಮಾದರಿಯ 1/12 ಪ್ರಮಾಣದ ವಿದ್ಯುತ್ ಕಾರನ್ನು ಹೊರತಂದಿತು. ಅದರ ಯಶಸ್ಸಿನಿಂದ ಈ ಹವ್ಯಾಸ ಪರಿಣತರ ಕೈಯಿಂದ ಸಾಮಾನ್ಯರ ಮನೆಗೆ ಬಂತು. ಟ್ರಕ್ಕುಗಳ ಸರದಿ ಬಂದದ್ದು 1980ರ ದಶಕದಲ್ಲಿ. ಅಮೆರಿಕದ ಬಾಬ್ ಚಾಂಡ್ಲರ್ ತನ್ನ ಬಿಗ್‌ಫುಟ್ ಟ್ರಕ್ಕಿನಿಂದ ಹಳೆಯ ಕಾರುಗಳನ್ನು ತುಳಿಸಿ ತೋರಿಸಿದ ಮೇಲೆ ದೈತ್ಯ ಚಕ್ರದ ಟ್ರಕ್ಕುಗಳ ಹುಚ್ಚು ಹಬ್ಬಿತ್ತು. ಮಾದರಿ ತಯಾರಕರು ಅದನ್ನು ಹಿಂಬಾಲಿಸಿದರು. ತಮಿಯಾದ ಬ್ಲ್ಯಾಕ್‌ಫುಟ್ 1986ರಲ್ಲಿ ಬಂತು. ಮರುವರ್ಷ ಬಂದ ಕ್ಲಾಡ್ ಬಸ್ಟರ್‌ನಲ್ಲಿ ಎರಡು ಮೋಟಾರು, ನಾಲ್ಕೂ ಚಕ್ರಗಳಿಗೆ ಚಾಲನೆ, ನಾಲ್ಕಕ್ಕೂ ತಿರುವು ಇದ್ದವು.

ಆ ಕಾಲದ ವಿದ್ಯುತ್ ಟ್ರಕ್ಕುಗಳಿಗೆ 7.2 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯೇ ಆಧಾರ. ಹತ್ತು ನಿಮಿಷದ ಓಟಕ್ಕೆ ಅದು ಸುಸ್ತಾಗುತ್ತಿತ್ತು. ಹೀಗಾಗಿ ವೇಗ, ಬಲ ಎರಡೂ ಬೇಕೆಂದವರು ನೈಟ್ರೊ ಕಡೆ ತಿರುಗುವುದು ಸಹಜವಾಗಿತ್ತು. ಟ್ರಾಕ್ಸಸ್ ಸಂಸ್ಥೆಯ ಟಿ-ಮ್ಯಾಕ್ಸ್ (1999) ಈ ಒಲವಿಗೆ ದೊಡ್ಡ ಬಲ ಕೊಟ್ಟಿತು. ಎರಡು ವೇಗದ ಸ್ವಯಂಚಾಲಿತ ಗೇರು, ಹಿಂದಕ್ಕೆ ಚಲಿಸುವ ಸೌಲಭ್ಯ, ಹಗ್ಗ ಎಳೆಯದೆ ಗುಂಡಿ ಒತ್ತಿ ಎಂಜಿನ್ ಎಬ್ಬಿಸುವ ಏರ್ಪಾಡು ಅದರಲ್ಲಿದ್ದುದರಿಂದ ಅನುಭವವಿಲ್ಲದವರೂ ನೈಟ್ರೊ ಕೊಳ್ಳುವ ಧೈರ್ಯ ಮಾಡಿದರು. ಸುಮಾರು 2005ರ ತನಕ ಮಾನ್‌ಸ್ಟರ್ ಟ್ರಕ್ ಎಂದರೆ ನೈಟ್ರೊ ಎಂಬಂತಿತ್ತು. ಬ್ರಷ್‌ಲೆಸ್ ಮೋಟಾರು ಮತ್ತು ಲಿಥಿಯಂ-ಪಾಲಿಮರ್ ಬ್ಯಾಟರಿ ಕೈಗೆಟುಕುವ ಬೆಲೆಗೆ ಒಟ್ಟಾಗಿ ಇಳಿದಾಗ ಪರಿಸ್ಥಿತಿ ತಿರುಗಿತು. ಅದೇ ಟ್ರಾಕ್ಸಸ್ 2015ರಲ್ಲಿ ತಂದ ಭಾರಿ ಗಾತ್ರದ ಎಕ್ಸ್-ಮ್ಯಾಕ್ಸ್ ವಿದ್ಯುತ್ ರೂಪದಲ್ಲಿ ಮಾತ್ರ ಬಂತು.

ನೈಟ್ರೊ ಎಂಜಿನ್

ಟ್ರಕ್ಕುಗಳಲ್ಲಿ ಸಾಮಾನ್ಯವಾಗಿ 2.5ರಿಂದ 5 ಸಿಸಿ ಗಾತ್ರದ ಒಂಟಿ ಸಿಲಿಂಡರಿನ ಎಂಜಿನ್ ಇರುತ್ತದೆ. ಮಾರುಕಟ್ಟೆಯಲ್ಲಿ ಇವನ್ನು ಘನ ಅಂಗುಲದ ಲೆಕ್ಕದಲ್ಲಿ ಗುರುತಿಸುವುದು ವಾಡಿಕೆ. ‘21’ ಎಂದರೆ 0.21 ಘನ ಅಂಗುಲ, ಅಂದರೆ ಸುಮಾರು 3.5 ಸಿಸಿ. ನಿಮಿಷಕ್ಕೆ 30,000 ಸುತ್ತು ದಾಟುವುದು ಇವಕ್ಕೆ ಮಾಮೂಲು. ಎಂಜಿನ್ನಿನ ತಿರುಗಾಟವನ್ನು ಚಕ್ರಕ್ಕೆ ಮುಟ್ಟಿಸುವುದು ಕೇಂದ್ರಾಪಗಾಮಿ ಕ್ಲಚ್. ಸುತ್ತು ಏರಿದಾಗ ಅದರ ಶೂಗಳು ತಾವಾಗಿ ಅರಳಿ ಕ್ಲಚ್ ಬೆಲ್ಲನ್ನು ಕಚ್ಚುತ್ತವೆ.

ಈ ಎಂಜಿನ್ನಿನಲ್ಲಿ ಕಿಡಿ ಕೊಡುವ ವ್ಯವಸ್ಥೆಯೇ ಇಲ್ಲ. 1940ರ ದಶಕದ ಕೊನೆಯಲ್ಲಿ ಅಮೆರಿಕದ ರೇ ಆರ್ಡೆನ್ ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್ ಆ ಕೆಲಸ ಮಾಡುತ್ತದೆ. ಅದರೊಳಗೆ ಪ್ಲಾಟಿನಂ ಮಿಶ್ರಲೋಹದ ಕೂದಲೆಳೆಯಂಥ ಸುರುಳಿ ಇದೆ. ಆರಂಭದಲ್ಲಿ ಸುಮಾರು 1.5 ವೋಲ್ಟಿನ ಬ್ಯಾಟರಿ ತಾಗಿಸಿ ಸುರುಳಿಯನ್ನು ಕೆಂಪಗೆ ಕಾಯಿಸಬೇಕು. ಎಂಜಿನ್ ಎದ್ದ ಮೇಲೆ ಬ್ಯಾಟರಿ ತೆಗೆದರೂ ಕೆಂಪು ಆರುವುದಿಲ್ಲ. ಮೆಥನಾಲ್ ಆವಿ ಪ್ಲಾಟಿನಮ್ಮಿನ ಮೈಮೇಲೆ ವೇಗವರ್ಧಿತ ಕ್ರಿಯೆಯಿಂದ ಉತ್ಕರ್ಷಣೆಗೊಂಡು ಶಾಖ ಹುಟ್ಟಿಸುತ್ತದೆ. ಅದರ ಜೊತೆಗೆ ಹಿಂದಿನ ಸ್ಫೋಟದ ಬಿಸಿಯೂ ಉಳಿದಿರುತ್ತದೆ. ಗ್ಲೋ ಪ್ಲಗ್ಗಿಗೂ ಹಿಂದಿನ ಮಾದರಿ ಎಂಜಿನ್ನುಗಳು ಹೊರುತ್ತಿದ್ದ ಕಾಯಿಲ್, ಕಂಡೆನ್ಸರ್, ಬ್ಯಾಟರಿಗಳ ಭಾರವೆಲ್ಲ ಈ ಒಂದು ಗುಣದಿಂದ ಇಳಿಯಿತು. ಆದರೆ ಜ್ವಲನ ಯಾವ ಕ್ಷಣದಲ್ಲಿ ಆಗಬೇಕೆಂದು ನೇರವಾಗಿ ಹೊಂದಿಸುವ ಉಪಾಯವೂ ಅದರೊಂದಿಗೇ ಹೋಯಿತು. ಪ್ಲಗ್ಗಿನ ಬಿಸಿ, ಸಿಲಿಂಡರಿನ ಒತ್ತಡ, ಇಂಧನದಲ್ಲಿರುವ ನೈಟ್ರೊಮೀಥೇನಿನ ಪಾಲು, ಗಾಳಿ-ಇಂಧನದ ಅನುಪಾತ ಇವೆಲ್ಲ ಸೇರಿ ಆ ಕ್ಷಣವನ್ನು ನಿರ್ಧರಿಸುತ್ತವೆ. ನೈಟ್ರೊ ಎಂಜಿನ್ ‘ಮುನಿಸಿಕೊಳ್ಳುತ್ತದೆ’ ಎಂಬ ದೂರಿನ ಬೇರು ಬಹುಮಟ್ಟಿಗೆ ಇಲ್ಲಿದೆ.

ಇಂಧನದಲ್ಲಿ ಮೆಥನಾಲ್ ಹೆಚ್ಚಿನ ಪಾಲು. ಟ್ರಕ್ಕುಗಳಿಗೆ ನೈಟ್ರೊಮೀಥೇನ್ ಸಾಮಾನ್ಯವಾಗಿ ಶೇ 10ರಿಂದ 30. ಉಳಿದದ್ದು ಎಣ್ಣೆ, ಹರಳೆಣ್ಣೆ ಅಥವಾ ಕೃತಕ ಎಣ್ಣೆ, ಎಷ್ಟೋ ಸಲ ಎರಡೂ ಸೇರಿ. ನೈಟ್ರೊಮೀಥೇನ್ ಹೆಚ್ಚು ಶಾಖ ಹೊತ್ತ ದ್ರವವೇನಲ್ಲ. ಕಿಲೋಗ್ರಾಂಗೆ ಪೆಟ್ರೋಲ್ ಸುಮಾರು 44 ಮೆಗಾಜೂಲ್ ಕೊಟ್ಟರೆ ಮೆಥನಾಲ್ ಸುಮಾರು 20, ನೈಟ್ರೊಮೀಥೇನ್ ಬರಿಯ 11 ಚಿಲ್ಲರೆ. ಅದರ ಹೆಚ್ಚುಗಾರಿಕೆ ಅಣುವಿನಲ್ಲೇ ಅಡಗಿರುವ ಆಮ್ಲಜನಕದಲ್ಲಿದೆ. ಒಂದು ಕಿಲೋಗ್ರಾಂ ಪೆಟ್ರೋಲ್ ಉರಿಯಲು 14.7 ಕಿಲೋಗ್ರಾಂ ಗಾಳಿ ಬೇಕು, ಮೆಥನಾಲಿಗೆ ಸುಮಾರು 6.4, ನೈಟ್ರೊಮೀಥೇನಿಗೆ ಕೇವಲ 1.7. ಅಂದರೆ ಅಷ್ಟೇ ಗಾಳಿಯಲ್ಲಿ ಬಹಳ ಹೆಚ್ಚು ಇಂಧನ ಉರಿಸಬಹುದು. ಲೆಕ್ಕ ಹಾಕಿದರೆ ಪ್ರತಿ ಉಸಿರಿಗೆ ಸಿಗುವ ಶಾಖ ಪೆಟ್ರೋಲಿನ ಎರಡು ಪಟ್ಟನ್ನು ಮೀರುತ್ತದೆ. ಸಣ್ಣ ಸಿಲಿಂಡರಿನೊಳಗೆ ನುಗ್ಗುವ ಗಾಳಿಗೆ ಮಿತಿ ಇರುವುದರಿಂದ ಈ ಗುಣಕ್ಕೆ ಬೆಲೆ. ಹರಳೆಣ್ಣೆ ಅತಿ ಬಿಸಿಯಲ್ಲೂ ಲೋಹಕ್ಕೆ ಅಂಟಿಕೊಂಡು ಸವೆತ ತಡೆಯುತ್ತದೆ, ಆದರೆ ಕಂದು ಬಣ್ಣದ ಪದರ ಬಿಡುತ್ತದೆ. ಓಟದ ಅಂಗಳದ ನೀಲಿ ಹೊಗೆಗೆ ತನ್ನದೇ ವಾಸನೆ ಬರುವುದೂ ಈ ಎಣ್ಣೆಯಿಂದ.

ಸಿಲಿಂಡರಿನ ರಚನೆ ಗಮನಿಸತಕ್ಕದ್ದು. ಹೆಚ್ಚಿನ ಎಂಜಿನ್ನುಗಳು ಎಬಿಸಿ ಬಗೆಯವು: ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆಯ ಕೊಳವೆ, ಅದರ ಒಳಮೈಗೆ ಕ್ರೋಮ್ ಲೇಪ. ಪಿಸ್ಟನ್ನಿಗೆ ರಿಂಗ್ ಇರುವುದಿಲ್ಲ. ಕೊಳವೆಯ ಮೇಲ್ತುದಿ ಕೂದಲೆಳೆಯಷ್ಟು ಕಿರಿದು. ತಣ್ಣಗಿರುವಾಗ ಪಿಸ್ಟನ್ ಅಲ್ಲಿಗೆ ಏರಿದರೆ ಸೀಸೆಗೆ ಬಿರಡೆ ಜಡಿದಂತೆ ಬಿಗಿಯುತ್ತದೆ. ಓಡುವಾಗ ಮೇಲ್ಭಾಗವೇ ಹೆಚ್ಚು ಕಾಯುವುದರಿಂದ ಹಿತ್ತಾಳೆ ಅಲ್ಲಿ ಹೆಚ್ಚು ಹಿಗ್ಗಿ, ಕೊಳವೆ ನೇರವಾಗಿ, ಬೇಕಾದಷ್ಟೇ ಸಡಿಲ ಒದಗುತ್ತದೆ. ಇದರಿಂದ ಕೆಲವು ಆಚರಣೆಗಳು ಹುಟ್ಟಿವೆ. ಪಂದ್ಯಕ್ಕೆ ಮುನ್ನ ಕೂದಲು ಒಣಗಿಸುವ ಯಂತ್ರದಿಂದ ಎಂಜಿನ್ನಿನ ತಲೆ ಬೆಚ್ಚಗೆ ಮಾಡುವುದು ಒಂದು. ಓಟ ಮುಗಿದ ಮೇಲೆ ಫ್ಲೈವೀಲನ್ನು ಬೆರಳಿನಿಂದ ತಿರುಗಿಸಿ ಪಿಸ್ಟನ್ನನ್ನು ಕೆಳತುದಿಗೆ ಇಳಿಸಿಯೇ ತಣಿಯಲು ಬಿಡುವುದು ಇನ್ನೊಂದು. ಪಿಸ್ಟನ್ ಎಲ್ಲಿದೆಯೆಂದು ತಿಳಿಯಲು ಕೆಲವರು ಫ್ಲೈವೀಲಿನ ಅಂಚಿಗೆ ಬಣ್ಣದ ಚುಕ್ಕೆ ಇಡುತ್ತಾರೆ. ಪಿಸ್ಟನ್ ಇಳಿಸುವುದನ್ನು ಮರೆತರೆ ಕೊಳವೆ ಕುಗ್ಗುವಾಗ ಪಿಸ್ಟನ್ನನ್ನು ಹಿಡಿದುಕೊಳ್ಳುತ್ತದೆ, ಬಿಗಿ ಬೇಗ ಸವೆಯುತ್ತದೆ. ಹೊಸ ಎಂಜಿನ್ನಿನ ಪಳಗಿಸುವಿಕೆಯಲ್ಲಿ ಮಾತ್ರ ಎರಡು ಅಭಿಪ್ರಾಯಗಳಿವೆ. ಹಳಬರು ಮೊದಲ ಹಲವು ಟ್ಯಾಂಕುಗಳನ್ನು ಇಂಧನ ಹೆಚ್ಚಿರುವ ತೀರ ದಟ್ಟ ಮಿಶ್ರಣದಲ್ಲಿ, ತಣ್ಣಗೆ ಓಡಿಸಲು ಹೇಳುತ್ತಾರೆ. ಕೆಲಸದ ಬಿಸಿಗೆ ಕೂಡಲೇ ತಂದು, ಪೂರ್ತಿ ತಣಿಸಿ, ಮತ್ತೆ ಓಡಿಸುವುದೇ ಸರಿ ಎಂಬುದು ಈಚಿನ ವಾದ. ಮೇಲೆ ವಿವರಿಸಿದ ರಚನೆಯನ್ನು ನೋಡಿದರೆ ಎರಡನೆಯದಕ್ಕೆ ಆಧಾರ ಹೆಚ್ಚೆನಿಸುತ್ತದೆ.

ಹದ ಮಾಡುವುದೆಂದರೆ ಕಾರ್ಬ್ಯುರೇಟರಿನ ಎರಡು ಸೂಜಿ ಮತ್ತು ಐಡಲ್ ತಿರುಪನ್ನು ಹೊಂದಿಸುವುದು. ಒಂದು ಸೂಜಿ ಪೂರ್ಣ ವೇಗಕ್ಕೆ, ಇನ್ನೊಂದು ನಿಧಾನ ಗತಿಗೆ. ಸುತ್ತಿನ ಎಂಟನೆಯ ಒಂದು ಪಾಲಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಬಾರದು. ಇಂಧನ ಹೆಚ್ಚಾದರೆ ಎಂಜಿನ್ ಗೊರಗುಟ್ಟುತ್ತ ದಟ್ಟ ಹೊಗೆ ಬಿಡುತ್ತದೆ. ಕಡಿಮೆಯಾದರೆ ಸ್ವಲ್ಪ ಹೊತ್ತು ಅದ್ಭುತವಾಗಿ ಓಡಿ, ಕಾದು, ಎಣ್ಣೆ ಸಾಲದೆ ಕೆಡುತ್ತದೆ. ಇಂಧನದ ಜೊತೆಗೇ ಎಣ್ಣೆ ಬರುವುದರಿಂದ ತೆಳು ಮಿಶ್ರಣಕ್ಕೆ ಕ್ಷಮೆಯಿಲ್ಲ. ತಲೆಯ ಉಷ್ಣತೆ 100ರಿಂದ 130 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸಾಮಾನ್ಯವಾಗಿ ಕ್ಷೇಮ. ಉಷ್ಣಮಾಪಕ ಇಲ್ಲದವರು ತಲೆಯ ಮೇಲೆ ಒಂದು ಹನಿ ನೀರು ಬಿಡುತ್ತಾರೆ: ಕೆಲವು ಸೆಕೆಂಡು ಕುದಿದು ಆರಿದರೆ ಸರಿ, ಬಿದ್ದೊಡನೆ ಚುಂಯ್ ಎಂದು ಮಾಯವಾದರೆ ಮಿಶ್ರಣ ದಟ್ಟ ಮಾಡಬೇಕು.

ಈ ಹದ ಊರಿಂದ ಊರಿಗೆ ಬದಲಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ 10 ಕಡಿಮೆ. ಬೆಂಗಳೂರಿನಲ್ಲಿ ಹದಗೊಂಡ ಎಂಜಿನ್ನನ್ನು ಘಟ್ಟ ಇಳಿಸಿ ಮಂಗಳೂರಿನಲ್ಲಿ ಹಾಗೆಯೇ ಓಡಿಸಿದರೆ ಹೆಚ್ಚು ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಕರಾವಳಿಯಿಂದ ಘಟ್ಟ ಹತ್ತಿಸಿದಾಗ ಆಗುವುದು ಬರಿಯ ಹೊಗೆ ಮತ್ತು ಮಂಕುತನ. ಅಪಾಯವಿರುವುದು ಇಳಿಯುವವರಿಗೆ.

ಮೆಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ದಿನದ ಕೊನೆಗೆ ಟ್ಯಾಂಕ್ ಬರಿದು ಮಾಡಿ, ಉಳಿದ ಇಂಧನ ಉರಿಸಿ, ಒಳಕ್ಕೆ ನಾಲ್ಕು ಹನಿ ರಕ್ಷಕ ಎಣ್ಣೆ ಬಿಡಬೇಕು. ಇಲ್ಲದಿದ್ದರೆ ಬೇರಿಂಗು ತುಕ್ಕು ಹಿಡಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಇದನ್ನು ಮರುದಿನಕ್ಕೆ ಬಿಡುವಂತಿಲ್ಲ.

ವಿದ್ಯುತ್ ಚಾಲನೆ

ಹಳೆಯ ಬ್ರಷ್ ಮೋಟಾರುಗಳಲ್ಲಿ ಇಂಗಾಲದ ಬ್ರಷ್ಷುಗಳು ತಿರುಗುವ ಸುರುಳಿಗೆ ವಿದ್ಯುತ್ ಮುಟ್ಟಿಸುತ್ತಿದ್ದವು, ತಿಕ್ಕಾಟದಿಂದ ಸವೆಯುತ್ತಿದ್ದವು. ಬ್ರಷ್‌ಲೆಸ್ ಮೋಟಾರಿನಲ್ಲಿ ಸುರುಳಿ ನಿಂತಿರುತ್ತದೆ, ಅಯಸ್ಕಾಂತ ತಿರುಗುತ್ತದೆ. ವೇಗ ನಿಯಂತ್ರಕ ಪೆಟ್ಟಿಗೆ ಸರದಿಯಂತೆ ಸುರುಳಿಗಳಿಗೆ ವಿದ್ಯುತ್ ಹಂಚುತ್ತದೆ. ಸವೆಯುವುದು ಬೇರಿಂಗ್ ಮಾತ್ರ. ಮೋಟಾರಿನ ಮೇಲೆ ಬರೆದಿರುವ ಕೆವಿ ಅಂಕಿ ಕಿಲೋವೋಲ್ಟ್ ಸೂಚಿಸುವುದಿಲ್ಲ, ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆಷ್ಟು ಸುತ್ತು ಎಂಬುದನ್ನು ತಿಳಿಸುತ್ತದೆ. 3500 ಕೆವಿ ಮೋಟಾರು 7.4 ವೋಲ್ಟಿಗೆ ಸುಮಾರು 25,900 ಸುತ್ತು ತಿರುಗಿದರೆ 11.1 ವೋಲ್ಟಿಗೆ 38,850. ಬ್ಯಾಟರಿ ಬದಲಿಸಿದಷ್ಟಕ್ಕೇ ಟ್ರಕ್ಕಿನ ಸ್ವಭಾವ ಬದಲಾಗುತ್ತದೆ. ನಿಂತಲ್ಲಿಂದಲೇ ಪೂರ್ಣ ತಿರುಚುಬಲ ಸಿಗುವುದು ವಿದ್ಯುತ್ ಮೋಟಾರಿನ ದೊಡ್ಡ ಅನುಕೂಲ. ಬಂಡೆಯ ಮೇಲೆ ಅಂಗುಲ ಅಂಗುಲವಾಗಿ ತೆವಳುವ ಕ್ರಾಲರುಗಳು ಬಹುತೇಕ ಎಲ್ಲವೂ ವಿದ್ಯುತ್ತಿನವಾಗಿರಲು ಇದೇ ಕಾರಣ.

ಲಿಥಿಯಂ-ಪಾಲಿಮರ್ ಬ್ಯಾಟರಿಯ ಪ್ರತಿ ಕೋಶ ತುಂಬಿದಾಗ 4.2 ವೋಲ್ಟ್, ಸರಾಸರಿ 3.7. 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ. ವಾರಗಟ್ಟಲೆ ಎತ್ತಿಡುವುದಾದರೆ 3.8ರ ಆಸುಪಾಸಿನಲ್ಲಿಡಬೇಕು. 5000 ಮಿಲಿಆಂಪ್-ಗಂಟೆಯ ಬ್ಯಾಟರಿಯನ್ನು 5 ಆಂಪಿಯರಿನಲ್ಲಿ ತುಂಬಿಸುವುದು ಸುರಕ್ಷಿತ ರೂಢಿ. ಬ್ಯಾಟರಿಯ ಮೈಮೇಲಿನ ‘ಸಿ’ ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ. 5000 ಮಿಲಿಆಂಪ್-ಗಂಟೆಯ ಪೊಟ್ಟಣದ ಮೇಲೆ 100 ಸಿ ಎಂದಿದ್ದರೆ ಅದು ಎಡೆಬಿಡದೆ 500 ಆಂಪಿಯರ್ ಕೊಡುತ್ತದೆಂದು ಅರ್ಥ. ಅದರ ತಂತಿಯ ದಪ್ಪವೇ ಆ ಮಾತನ್ನು ಒಪ್ಪುವುದಿಲ್ಲ.

ಶಕ್ತಿಯ ಹೋಲಿಕೆ

ಶೇ 20 ನೈಟ್ರೊಮೀಥೇನ್, ಶೇ 12 ಎಣ್ಣೆ ಇರುವ 125 ಸಿಸಿಯ ಒಂದು ಟ್ಯಾಂಕ್ ಇಂಧನದಲ್ಲಿ, ಎಣ್ಣೆಯನ್ನು ಬಿಟ್ಟು, ಸುಮಾರು 460 ವ್ಯಾಟ್-ಗಂಟೆ ಶಕ್ತಿ ಇದೆ. 1/8 ಪ್ರಮಾಣದ ವಿದ್ಯುತ್ ಟ್ರಕ್ಕಿಗೆ ಹಾಕುವ ನಾಲ್ಕು ಕೋಶದ 5000 ಮಿಲಿಆಂಪ್-ಗಂಟೆ ಬ್ಯಾಟರಿಯಲ್ಲಿರುವುದು 74. ಆರು ಪಟ್ಟು ಅಂತರವಿದ್ದರೂ ಓಡುವ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡೂ ಸುಮಾರು ಕಾಲು ಗಂಟೆಯ ಆಚೀಚೆ. ಇಂಧನದ ಶಕ್ತಿಯಲ್ಲಿ ಹೆಚ್ಚಿನದು ಬಿಸಿಯಾಗಿ, ಉರಿಯದ ಆವಿಯಾಗಿ ಹೊರಗೆ ಹೋಗುತ್ತದೆ. ನೈಟ್ರೊಗೆ ಉಳಿದಿರುವ ಲಾಭವೆಂದರೆ ಕೆಲವೇ ಸೆಕೆಂಡಿನಲ್ಲಿ ಮರುಪೂರಣ. ಡಬ್ಬಿ ಕೈಯಲ್ಲಿದ್ದರೆ ಸಂಜೆಯವರೆಗೂ ಓಡಿಸಬಹುದು.

ಅಪಾಯ ಮತ್ತು ನಿರ್ಬಂಧ

ಮೆಥನಾಲ್ ವಿಷ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿಯಲ್ಲಿ ಇದ್ದದ್ದು ಇದೇ. ಚರ್ಮದ ಮೂಲಕವೂ ಒಳಸೇರುತ್ತದೆ. ಹಗಲು ಬೆಳಕಿನಲ್ಲಿ ಇದರ ಜ್ವಾಲೆ ಕಣ್ಣಿಗೆ ಬೀಳುವುದು ಕಷ್ಟ. ನೈಟ್ರೊಮೀಥೇನ್ ಸ್ಫೋಟಕಗಳಿಗೆ ದುರ್ಬಳಕೆಯಾಗಬಹುದೆಂದು ಐರೋಪ್ಯ ಒಕ್ಕೂಟ 2021ರ ಫೆಬ್ರವರಿಯಿಂದ ಪರವಾನಗಿಯಿಲ್ಲದ ಸಾರ್ವಜನಿಕರಿಗೆ ತೂಕದಲ್ಲಿ ಶೇ 16ಕ್ಕಿಂತ ಹೆಚ್ಚಿರುವ ಮಿಶ್ರಣವನ್ನು ನಿರ್ಬಂಧಿಸಿದೆ. ಹಿಂದೆ ಈ ಮಿತಿ ಶೇ 30 ಇತ್ತು. ಲಿಥಿಯಂ ಬ್ಯಾಟರಿಯೂ ಸಾಧುವಲ್ಲ. ಉಬ್ಬಿದ, ಜಜ್ಜಿಹೋದ ಬ್ಯಾಟರಿ ಹೊತ್ತಿಕೊಂಡರೆ ಆರಿಸುವುದು ಕಷ್ಟ, ತುಂಬಿಸುವಾಗ ಕಾವಲಿರಬೇಕು. ಹೊರದೇಶದಿಂದ ಬರುವ ನೆಂಟರ ಕೈಯಲ್ಲಿ ತರಿಸುವವರು ಒಂದು ವಿಷಯ ತಿಳಿದಿರಬೇಕು: ವಿಮಾನದಲ್ಲಿ ನೈಟ್ರೊ ಇಂಧನಕ್ಕೆ ಪ್ರವೇಶವಿಲ್ಲ, 100 ವ್ಯಾಟ್-ಗಂಟೆ ಮೀರದ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಬಹುದು.

ಆಯ್ಕೆ

ವೇಗ, ಬಲ, ನಿರ್ವಹಣೆಯ ಸುಲಭತೆ ಇವು ಅಳತೆಗೋಲಾದರೆ ಇಂದು ವಿದ್ಯುತ್ ಟ್ರಕ್ಕಿನ ಕಡೆಗೇ ತೂಕ. ಸದ್ದಿಲ್ಲದ್ದರಿಂದ ಮನೆ ಮುಂದಿನ ರಸ್ತೆಯಲ್ಲೂ ನಡೆಯುತ್ತದೆ. ನೈಟ್ರೊಗೆ ಬಯಲೇ ಬೇಕು, ನೆರೆಯವರ ಸಹನೆಯೂ ಬೇಕು. ಮಕ್ಕಳಿಗೆ, ವಾರಕ್ಕೆ ಒಂದೆರಡು ಗಂಟೆ ಬಿಡುವಿರುವವರಿಗೆ, ಇಂಧನ ಸುಲಭಕ್ಕೆ ಸಿಗದ ಊರಿನವರಿಗೆ ವಿದ್ಯುತ್ತಿನದನ್ನು ಬಿಟ್ಟು ಬೇರೆ ಸಲಹೆ ಕೊಡಲು ಕಾರಣ ಕಾಣುವುದಿಲ್ಲ. ಎಂಜಿನ್ನಿನ ಸದ್ದು ಕೇಳಿ ಮಿಶ್ರಣ ಗುರುತಿಸುವುದು, ಪ್ಲಗ್ ಬಿಚ್ಚಿ ಸುರುಳಿಯ ಬಣ್ಣ ನೋಡುವುದು ಯಾರಿಗೆ ಓಡಿಸುವಷ್ಟೇ ಖುಷಿ ಕೊಡುತ್ತದೋ ಅವರಿಗೆ ನೈಟ್ರೊ ಒಗ್ಗುತ್ತದೆ. ಮೊದಲ ಟ್ರಕ್ಕಾಗಿ ನೈಟ್ರೊ ಕೊಂಡು ಹದ ಕೂಡದೆ ಅಟ್ಟಕ್ಕೆ ಹಾಕಿದವರು ಬಹಳ. ಹಳೆಯದನ್ನು ಕೊಳ್ಳುವಾಗ ಪ್ಲಗ್ ತೆಗೆದು ಫ್ಲೈವೀಲನ್ನು ಕೈಯಿಂದ ತಿರುಗಿಸಿ ನೋಡಬೇಕು. ತಣ್ಣಗಿರುವಾಗಲೂ ಮೇಲ್ತುದಿಯಲ್ಲಿ ಬಿಗಿ ತಾಗದಿದ್ದರೆ ಆ ಎಂಜಿನ್ನಿನ ಆಯುಸ್ಸು ಮುಗಿದಿದೆ ಎಂದೇ ಲೆಕ್ಕ.

ಸ್ಪರ್ಧೆ

1/10 ಟ್ರಕ್ಕುಗಳ ಪಂದ್ಯ ಬಹುಮಟ್ಟಿಗೆ ವಿದ್ಯುತ್ತಿನದಾಗಿದೆ. ಟ್ರಗ್ಗಿಯಲ್ಲಿ ಎರಡೂ ವರ್ಗಗಳು ನಡೆಯುತ್ತವೆ. ನೈಟ್ರೊ ಗಟ್ಟಿಯಾಗಿ ನೆಲೆ ನಿಂತಿರುವುದು ಟ್ರಗ್ಗಿಯ ಮೂಲವಾದ 1/8 ಬಗ್ಗಿಯಲ್ಲಿ. ಅದರ ವಿಶ್ವ ಸ್ಪರ್ಧೆಯ ಅಂತಿಮ ಓಟ ಒಂದು ಗಂಟೆಯದು. ನಡುನಡುವೆ ಪಿಟ್‌ಗೆ ಬಂದ ವಾಹನಕ್ಕೆ ಸಹಾಯಕ ಒತ್ತುಬಾಟಲಿಯಿಂದ ಇಂಧನ ತುಂಬಿಸಿ ಕಳಿಸುತ್ತಾನೆ, ಆ ಕೆಲವು ಸೆಕೆಂಡುಗಳಲ್ಲಿ ಪಂದ್ಯ ಗೆಲ್ಲುವುದೂ ಸೋಲುವುದೂ ಉಂಟು.